ದೇವಹತ್ತಿಯ ಹಿಮ

ಕಣದಲ್ಲಿ ಕಾಫಿ ಮಗುಚುತ್ತಿದ್ದಾಗ ಸುದ್ದಿ ಬಂತು.

ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆಯ ಹೆಂಗಸರಿಗೆ ಬೇರೆ ಯಾವುದಕ್ಕೂ ಪುರುಸೊತ್ತು ಇರುವುದಿಲ್ಲ. ಹಣ್ಣು ಕೊಯ್ದು, ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಕಣದಲ್ಲಿ ಹರವಿದ ಕಾಫಿಗೆ ಪಾರ್ಚ್‌ಮೆಂಟ್ ಅನ್ನುತ್ತೇವೆ. ಅದನ್ನು ಗಂಟೆಗೊಮ್ಮೆ ಉದ್ದ ಹಿಡಿಯ ಗೋರುಮಣೆಯಲ್ಲಿ ಮಗುಚಬೇಕು. ಸಂಜೆ ಇಬ್ಬನಿ ಇಳಿಯುವ ಮೊದಲು ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು. ನಮ್ಮದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಆರೆಕರೆ ತೋಟ. ದೊಡ್ಡ ಎಸ್ಟೇಟಿನವರ ಹಾಗೆ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ ಎಲ್ಲ ನಮಗಿಲ್ಲ. ತೋಟದ ಕೊಯ್ಲು ನಮ್ಮ ಯಜಮಾನರದು, ಕಣ ನನ್ನದು.

ಅವತ್ತು ಕ್ರಿಸ್‌ಮಸ್ಸಿನ ಹಿಂದಿನ ದಿನ. ಬೆಳಿಗ್ಗೆ ಹತ್ತು ಗಂಟೆಯಾಗಿತ್ತು. ಹಣ್ಣು ಕೊಯ್ಯಲು ಬರುತ್ತಿದ್ದ ಹೆಂಗಸೊಬ್ಬಳು ಅವತ್ತು ತಡವಾಗಿ ಬಂದಳು. ಎಂತ ಇಷ್ಟು ಹೊತ್ತು ಎಂದು ಕೇಳಿದೆ. ನರ್ಸಮ್ಮನ ಮನೆಯಲ್ಲಿ ಐಸು ಬಿದ್ದಿದೆ, ಟೀವಿಯಲ್ಲಿ ಬೀಳುವ ಹಾಗೇ ಬಿದ್ದಿದೆ, ಊರಿನ ಮಕ್ಕಳೆಲ್ಲ ಅಲ್ಲೇ ಇದ್ದಾವೆ, ತಾನೂ ನೋಡುತ್ತ ನಿಂತುಬಿಟ್ಟೆ ಎಂದಳು. ಆಮೇಲೆ ಸೆರಗಿನ ತುದಿ ಬಿಚ್ಚಿ ಏನೋ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಅಲ್ಲಿ ಕೆಳಗೆ ಬಿದ್ದಿತ್ತು. ಅಜ್ಜಮ್ಮಂಗೆ ಕೊಡಿ, ನೆಡಲಿಕ್ಕೆ ಆಗ್ತದೆ."

ಅಜ್ಜಮ್ಮ ಎಂದರೆ ನಮ್ಮ ಅತ್ತೆ. ಕಪ್ಪು ಬೀಜಗಳು, ಏಳೆಂಟು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕೂತಿದ್ದವು. ದೇವಹತ್ತಿಯ ಬೀಜ ಹಾಗೇ ಇರುವುದು. ದಿಂಬಿಗೆ ತುಂಬುವ ಬೂರುಗದ ಬೀಜ ಹಾಗಲ್ಲ, ಅದು ಕಾಳುಮೆಣಸಿನ ಹಾಗೆ ಬಿಡಿಬಿಡಿ. ಗೋರುಮಣೆಯನ್ನು ಅಲ್ಲೇ ಬಿಟ್ಟು, ಕಾಲಿಗೆ ಮೆತ್ತಿದ ಕಾಫಿಯನ್ನೂ ಕೊಡವದೆ ಒಳಗೆ ಓಡಿದೆ.

ಈ ಹತ್ತಿಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಮಗಳಿಗೆ ಎರಡು ವರ್ಷವಾಗಿದ್ದಾಗ ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ಕಫ ಕಟ್ಟಿ ಉಸಿರು ಎಳೆಯತೊಡಗಿತು. ಪಕ್ಕೆ ಒಳಗೆ ಹೋಗಿ ಹೊರಗೆ ಬರುವುದು ಕಣ್ಣಿಗೆ ಕಾಣುತ್ತಿತ್ತು. ಮರ ಬಿದ್ದು ಬಸ್ಸು ನಿಂತಿತ್ತು. ಆರೋಗ್ಯ ಉಪಕೇಂದ್ರದ ನರ್ಸಮ್ಮ ಮಧ್ಯಾಹ್ನ ಊಟ ಬಿಟ್ಟು ಬಂದು ಇಂಜೆಕ್ಷನ್ ಕೊಟ್ಟು, ಬಿಸಿನೀರಿನ ಹಬೆ ಹಿಡಿಸಿ, ಮಗುವನ್ನು ಎದೆಗೆ ಒರಗಿಸಿಕೊಂಡು ಸಂಜೆಯವರೆಗೆ ಕೂತರು. ಅತ್ತೆ ದೇವರ ಮುಂದೆ ಕೂತರು. ಮಗು ಉಳಿದರೆ ಕಳಸದ ಈಶ್ವರನಿಗೆ ಲಕ್ಷಬತ್ತಿ ಬೆಳಗುತ್ತೇನೆ ಎಂದು ಹರಕೆ ಹೇಳಿಕೊಂಡರು. ಮಗು ಉಳಿಯಿತು. ದಯೆ ಯಾರ ಕಡೆಯಿಂದ ಎಷ್ಟು ಬಂತು ಎಂದು ನಾನು ಅಳೆಯಲು ಹೋಗಿಲ್ಲ. ಇಬ್ಬರಿಗೂ ಕೈ ಮುಗಿದೆ.

ಲಕ್ಷಬತ್ತಿ ಎಂದರೆ ಒಂದು ಲಕ್ಷ ಬತ್ತಿ, ಲೆಕ್ಕ ತಪ್ಪುವ ಹಾಗಿಲ್ಲ. ಅಂಗಡಿ ಹತ್ತಿ ತಂದು ಹೊಸೆಯುವವರೂ ಇದ್ದಾರೆ. ನಮ್ಮ ಅತ್ತೆಯ ಲೆಕ್ಕ ಬೇರೆ. ಹಿತ್ತಲಲ್ಲಿ ತಾವೇ ದೇವಹತ್ತಿ ಗಿಡ ಹಾಕಿ, ಕಾಯಿ ಒಡೆದಾಗ ಮಡಿಯಲ್ಲಿ ಬಿಡಿಸಿ, ಬೀಜವನ್ನು ಕೈಯಲ್ಲೇ ತೆಗೆದು, ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆಯಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ, ನಾನೂ ಮುಟ್ಟುವ ಹಾಗಿಲ್ಲ. ನೂರಕ್ಕೊಂದು ಕಟ್ಟು ಮಾಡಿ ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಡುವುದು. ನಾಲ್ಕು ವರ್ಷದಲ್ಲಿ ಎಂಬತ್ತೇಳು ಸಾವಿರವಾಗಿತ್ತು. ಉಳಿದ ಹದಿಮೂರು ಸಾವಿರಕ್ಕೆ ಬೇಕಾಗುವಷ್ಟು ಹತ್ತಿ ಆ ವರ್ಷ ಬೆಳೆದಿತ್ತು. ಬರುವ ಶಿವರಾತ್ರಿಗೆ ಬೆಳಗಿಬಿಡುವುದು ಎಂದು ಅತ್ತೆ ನಿಶ್ಚಯ ಮಾಡಿದ್ದರು.

ಅವಸರಕ್ಕೆ ಕಾರಣವಿತ್ತು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪ್ರತಿ ಸಲ ಕಣ್ಣಿನ ಕ್ಯಾಂಪ್ ಇದ್ದಾಗಲೂ ನರ್ಸಮ್ಮ ಬಂದು ಹೇಳುತ್ತಿದ್ದರು, ಇನ್ನು ಬಿಟ್ಟರೆ ಪೊರೆ ಗಟ್ಟಿಯಾಗುತ್ತದೆ, ಆಮೇಲೆ ಮಾಡಿಸಿದರೂ ಎಷ್ಟು ಕಾಣುತ್ತದೋ ಹೇಳಲಾಗದು ಎಂದು. ಅತ್ತೆಯದು ಒಂದೇ ಮಾತು. ಹರಕೆ ಮುಗಿಯದೆ ಕಣ್ಣಿಗೆ ಕತ್ತಿ ಹಾಕಿಸುವುದಿಲ್ಲ. ಆಪರೇಷನ್ ಕೆಟ್ಟು ಕಣ್ಣು ಹೋದರೆ ಬತ್ತಿ ಹೊಸೆಯುವುದು ಯಾರು? ಕಣ್ಣು ಮೊದಲೋ ಬತ್ತಿ ಮೊದಲೋ ಎನ್ನುವ ಈ ಓಟ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆದಿತ್ತು. ಹೇಗೆ ಕಾಣುತ್ತದೆ ಎಂದು ಕೇಳಿದರೆ, ಎಲ್ಲ ಕಾಣುತ್ತದೆ, ನಿನ್ನ ಕೆಲಸ ನೋಡು ಎನ್ನುವರು.

ಇನ್ನು ನರ್ಸಮ್ಮ. ಅವರು ಕರಾವಳಿ ಕಡೆಯ ಕ್ರಿಶ್ಚನ್ನರು. ಗಂಡ ಇಲ್ಲ, ನಮ್ಮ ಮಗಳಿಗಿಂತ ಒಂದು ವರ್ಷ ದೊಡ್ಡ ಮಗಳೊಬ್ಬಳು. ಪ್ರತಿ ವರ್ಷ ಉಪಕೇಂದ್ರದ ಕ್ವಾರ್ಟರ್ಸಿನ ಜಗಲಿಯಲ್ಲಿ ಗೋದಲಿ ಇಡುತ್ತಿದ್ದರು, ಏಸುಸ್ವಾಮಿ ಹುಟ್ಟಿದ ದನದ ಕೊಟ್ಟಿಗೆಯ ಬೊಂಬೆ. ಮೊದಲೆಲ್ಲ ಕಾಫಿ ಗಿಡದ ಪಾಚಿ ಕಿತ್ತು ಹಸಿರಾಗಿ ಮಾಡುತ್ತಿದ್ದರು. ಎರಡು ಮೂರು ಮನೆಗೆ ಟೀವಿ ಬಂದ ಮೇಲೆ ಮಕ್ಕಳಿಗೆ ಹಸಿರು ಸಾಲಲಿಲ್ಲ. ಕ್ರಿಸ್‌ಮಸ್ ಅಂದರೆ ಹಿಮ ಬೀಳಬೇಕು ಎಂದು ಹಟ. ಹಿಂದಿನ ವರ್ಷ ನರ್ಸಮ್ಮ ಅಕ್ಕಿಹಿಟ್ಟು ಉದುರಿಸಿ ನೋಡಿದ್ದರು. ನಮ್ಮ ಮನೆಯ ಕೋಳಿಗಳೇ ಹೋಗಿ ಆ ಹಿಮವನ್ನು ತಿಂದು ಬಂದಿದ್ದವು. ಈ ಸಲ ಹತ್ತಿ ಹಾಕೋಣ ಎಂದು ಹೊರಟರು. ಉಪಕೇಂದ್ರದಲ್ಲಿ ಸುರುಳಿಗಟ್ಟಲೆ ಹತ್ತಿ ಇತ್ತು, ಅದರಲ್ಲಿ ಒಂದು ಎಳೆ ಮುಟ್ಟಲಿಲ್ಲ. ಅದು ಗಾಯಕ್ಕೆ ಬಂದದ್ದು, ಗೋದಲಿಗಲ್ಲ ಎಂದರು. ದಿಂಬಿಗೆ ಇಟ್ಟ ಬೂರುಗದ ಹತ್ತಿ ಇದ್ದರೆ ಕೊಡಿ ಎಂದು ನನ್ನ ಹತ್ತಿರ ಕೇಳಿದರು.

ಕೊಡುತ್ತೇನೆ ಎಂದಿದ್ದೆ. ಭಾನುವಾರ ಅವರು ಬಂದಾಗ ಆಕಾಶ ಕಪ್ಪಿಟ್ಟಿತ್ತು. ಒಣಗಿದ ಕಾಫಿಗೆ ಒಂದು ಮಳೆ ಬಿದ್ದರೆ ವರ್ಷದ ಕೆಲಸ ಹಾಳು. ನಾನು ಟಾರ್ಪಾಲಿನ ಒಂದು ತುದಿ, ನಮ್ಮವರು ಇನ್ನೊಂದು ತುದಿ. ಎಳೆಯುತ್ತ ಎಳೆಯುತ್ತಲೇ ಕೂಗಿ ಹೇಳಿದೆ, ಅಟ್ಟದಲ್ಲಿ ಎಡಗಡೆ ಗೂಟದ ಬಿಳಿ ಚೀಲ, ನೀವೇ ತಕ್ಕೊಳ್ಳಿ ಎಂದು. ಅತ್ತೆ ಅವತ್ತು ಹೊರನಾಡಿಗೆ ಹೋಗಿದ್ದರು. ಅವರು ಮನೆಯಲ್ಲಿದ್ದಿದ್ದರೆ ಚೀಲದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ.

ಎರಡು ಚೀಲವೂ ಗೊಬ್ಬರದ್ದೇ, ತೊಳೆದು ಇಟ್ಟದ್ದು, ನೋಡಲಿಕ್ಕೆ ಒಂದೇ. ಎಡಗಡೆ ಗೂಟದ್ದು ಬೂರುಗ, ಬಲಗಡೆಯದು ದೇವಹತ್ತಿ. ಯಾವಾಗಲೂ ಹಾಗೇ ಇದ್ದದ್ದು. ಆದರೆ ಅದಕ್ಕೆ ಹದಿನೈದು ದಿನ ಮೊದಲು ಬಲಗಡೆ ಜಂತೆಯಲ್ಲಿ ಇಲಿ ಓಡಾಡಿದ ಗುರುತು ಕಂಡಿತ್ತು. ಮಡಿಯುಟ್ಟು ಹೋಗಿ ದೇವಹತ್ತಿಯ ಚೀಲವನ್ನು ಎಡಕ್ಕೆ, ಬೂರುಗದ್ದನ್ನು ಬಲಕ್ಕೆ ಬದಲಾಯಿಸಿದವಳು ನಾನೇ. ಅತ್ತೆಯ ಹತ್ತಿ ಇಲಿಗೆ ಸಿಗಬಾರದು ಎಂದು ಮಾಡಿದ್ದು. ಆಮೇಲೆ ಮರೆತದ್ದೂ ನಾನೇ.

ಆ ಬೆಳಿಗ್ಗೆ ಕಣದಿಂದ ಓಡಿದವಳು ಅಟ್ಟ ಏರಿ ನೋಡಿದೆ. ಎಡಗಡೆ ಗೂಟ ಖಾಲಿ. ಬಲಗಡೆ ಚೀಲಕ್ಕೆ ಕೈ ಹಾಕಿದರೆ ಜಾರುಜಾರು ಬೂರುಗ. ಆ ಹತ್ತಿ ದಿಂಬಿಗೆ ಸರಿ, ಬತ್ತಿಗೆ ಎಳೆ ನಿಲ್ಲುವುದಿಲ್ಲ.

ಅತ್ತೆ ಜಗಲಿಯಲ್ಲಿ ಕೂತು, ಮೊದಲೇ ಬಟ್ಟಲಿಗೆ ತೆಗೆದಿಟ್ಟುಕೊಂಡಿದ್ದ ಹತ್ತಿಯಲ್ಲಿ ಹೊಸೆಯುತ್ತಿದ್ದರು. ಬಟ್ಟಲು ಬರಿದಾದರೆ ಚೀಲ ಇಳಿಸು ಎನ್ನುವರು. ಇನ್ನೊಂದೆರಡು ಗಂಟೆ. ಅಷ್ಟರೊಳಗೆ ಗೊತ್ತಾಯಿತಲ್ಲ, ಅದು ಒಂದು ಉಪಕಾರ ಎಂದುಕೊಂಡೆ. ದೇವರ ಮುಂದೆ ನಿಂತು, ನನ್ನ ಬಾಯಿಂದ ಸುಳ್ಳು ಬಾರದ ಹಾಗೆ ನೋಡಿಕೋ ಎಂದು ಕೇಳಿಕೊಂಡೆ. ಯಾಕೆಂದರೆ ಇಲಿ ಒಯ್ದಿತು ಎಂದು ಹೇಳಿಬಿಡುವ ಯೋಚನೆ ಅಷ್ಟರಲ್ಲಿ ಬಂದಾಗಿತ್ತು. ಮೊದಲು ಹತ್ತಿ ಯಾವ ಸ್ಥಿತಿಯಲ್ಲಿದೆ ನೋಡೋಣ, ಎತ್ತಿಕೊಂಡು ಬರುವ ಹಾಗಿದ್ದರೆ ತರೋಣ ಎಂದು ನರ್ಸಮ್ಮನ ಮನೆಗೆ ನಡೆದೆ.

ಜಗಲಿಯ ಹತ್ತಿರ ಹೋದವಳು ನಿಂತುಬಿಟ್ಟೆ.

ನಾನು ಹಿಮ ನೋಡಿದವಳಲ್ಲ. ನಮ್ಮ ಕಡೆ ಚಳಿಗೆ ಕೈ ಒಡೆಯುತ್ತದೆ, ಬೆಳಗಿನ ಮಂಜಿನಲ್ಲಿ ಹತ್ತು ಮಾರು ದೂರದ ಎಮ್ಮೆ ಕಾಣುವುದಿಲ್ಲ. ಆದರೆ ಬೆಳ್ಳಗೆ ನೆಲಕ್ಕೆ ಬಿದ್ದು ಉಳಿಯುವಂಥದ್ದು ಏನೂ ಇಲ್ಲ. ಇಲ್ಲಿ ಕೊಟ್ಟಿಗೆಯ ಮಾಡಿನ ಮೇಲೆ, ಸಿಲ್ವರ್ ಮರದ ಗೆಲ್ಲು ನೆಟ್ಟು ಮಾಡಿದ ಕಾಡಿನ ಮೇಲೆ, ಕುರಿಗಳ ಬೆನ್ನಿನ ಮೇಲೆ ಹಿಮ ಬಿದ್ದಿತ್ತು. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ, ಎಲ್ಲಿ ದಪ್ಪ ಬೇಕೋ ಅಲ್ಲಿ ದಪ್ಪ, ಎಲ್ಲಿ ತೆಳು ಬೇಕೋ ಅಲ್ಲಿ ತೆಳು ಹಾಸಿದ್ದರು. ಅಡಿಯಲ್ಲಿ ಎಲ್ಲೋ ಒಂದು ಸಣ್ಣ ನೀಲಿ ಬಲ್ಬು. ಆ ಬೆಳಕು ಹತ್ತಿಯೊಳಗಿಂದ ಬಂದು, ನೋಡುವವರಿಗೇ ಚಳಿಯಾಗುತ್ತಿತ್ತು. ಮೂಗು ಸೋರುವ ಮಕ್ಕಳು ಹತ್ತು ಹನ್ನೆರಡು, ಮುಟ್ಟಿ ಮುಟ್ಟಿ ನೋಡುತ್ತಿದ್ದವು. ನಮ್ಮ ಮಗಳೂ ಅಲ್ಲಿದ್ದಳು. ನಾನು ಯಾಕೆ ಬಂದೆ ಎನ್ನುವುದು ಒಂದು ಗಳಿಗೆ ಮರೆತುಹೋಯಿತು. ಅತ್ತೆಯ ನಾಲ್ಕು ವರ್ಷದ ವ್ರತ ಕೆಟ್ಟು ಬಿದ್ದಿರುವುದನ್ನು ನೋಡಿ ಚೆಂದ ಅನಿಸಿತು. ಅನಿಸಿದ್ದನ್ನು ಯಾಕೆ ಮುಚ್ಚಿಡಲಿ.

ನರ್ಸಮ್ಮ ನಗುತ್ತ ಬಂದು, ಇಂಥ ಹತ್ತಿ ತಾನು ಕಂಡೇ ಇಲ್ಲ, ಎಳೆದಷ್ಟೂ ಬರುತ್ತದೆ ಎಂದರು. ನಾನು ಅವರನ್ನು ಒಳಗೆ ಕರೆದು ಇದ್ದದ್ದನ್ನು ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ಲಕ್ಷಬತ್ತಿಯ ವಿಷಯ ಅವರಿಗೆ ಗೊತ್ತಿತ್ತು, ಯಾವ ಮಗುವಿಗಾಗಿ ಎನ್ನುವುದೂ ಗೊತ್ತಿತ್ತು. ಸೀದಾ ಹೊರಗೆ ಹೋಗಿ ಹತ್ತಿ ಕೀಳಲು ಕೈ ಹಾಕಿದರು. ನಾನು ಕೈ ಹಿಡಿದೆ. ಗೋಂದು ಹಚ್ಚಿ ಅಂಟಿಸಿದ್ದರು, ಮೇಲೆ ಮಿಂಚಿನ ಪುಡಿ ಉದುರಿಸಿದ್ದರು, ಹತ್ತು ಮಕ್ಕಳು ಮುಟ್ಟಿದ್ದವು. ಕಿತ್ತರೂ ಅದು ಇನ್ನು ಮಡಿಹತ್ತಿ ಆಗುವಂತಿರಲಿಲ್ಲ. ಮಕ್ಕಳ ಮುಂದೆ ಬೇಡ ಎಂದೆ.

ನೀವು ಒಬ್ಬರೇ ಹೋಗಿ ಬೈಸಿಕೊಳ್ಳುವುದು ಬೇಡ, ತಂದವಳು ನಾನು ಎಂದು ಅವರೂ ನನ್ನ ಜೊತೆ ಹೊರಟರು. ದಾರಿಯಲ್ಲಿ ಅವರ ತುಟಿ ಅಲ್ಲಾಡುತ್ತಿತ್ತು, ನನ್ನದೂ. ಅವರವರ ದೇವರಿಗೆ.

ಅತ್ತೆ ನಮ್ಮ ಕಾಲಸದ್ದಿಗೆ ತಲೆಯೆತ್ತಿದರು. ನಾನು ಎದುರಿಗೆ ನಿಂತು, ಚೀಲ ಬದಲಾಯಿಸಿದ್ದು, ಮರೆತದ್ದು, ಕೂಗಿ ಹೇಳಿದ್ದು, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ನರ್ಸಮ್ಮ ತಪ್ಪಾಯಿತು ಎಂದಷ್ಟೇ ಹೇಳಿದರು. ಅತ್ತೆ ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದರು. ಅದನ್ನು ಕಟ್ಟಿಗೆ ಸೇರಿಸಿ, ಎಷ್ಟಾಯಿತು ಎಂದು ಬೆರಳಲ್ಲಿ ಎಣಿಸಿದರು. ಬಟ್ಟಲ ತಳ ಸವರಿ ನೋಡಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮದುವೆಯಾಗಿ ಹತ್ತು ವರ್ಷದಲ್ಲಿ ಅವರ ಬೈಗುಳ ಅಭ್ಯಾಸವಾಗಿತ್ತು, ಮೌನ ಅಭ್ಯಾಸವಿರಲಿಲ್ಲ.

ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ನಡೀರಿ, ನೋಡುವ" ಎಂದು ಎದ್ದರು.

ನಾನು ಒಂದು ಕೈ ಹಿಡಿದೆ, ನರ್ಸಮ್ಮ ಇನ್ನೊಂದು. ಏರಿನ ದಾರಿ, ಮೂರು ಕಡೆ ನಿಂತು ಹೋದೆವು. ಗೋದಲಿಯ ಮುಂದೆ ಮಕ್ಕಳು ಸರಿದು ಜಾಗ ಕೊಟ್ಟವು. ಮಗಳು ಓಡಿ ಬಂದು, ಅಜ್ಜಿ ಇಲ್ಲಿ ಕುರಿ, ಇಲ್ಲಿ ದನ, ಇದು ಅಮ್ಮ, ಇದು ಅಪ್ಪ ಎಂದು ತೋರಿಸತೊಡಗಿದಳು. ಅತ್ತೆ ಅವಳು ತೋರಿಸಿದ ಕಡೆ ಮುಖ ಮಾಡುತ್ತಿದ್ದರು. ಎಲ್ಲ ಕಾಣುತ್ತದೆ ಎನ್ನುವವರು, ದನ ಎಂದಾಗ ಕುರಿಯ ಕಡೆ ನೋಡಿ ತಲೆಯಾಡಿಸಿದರು. ಅವರಿಗೆ ಕಂಡದ್ದು ಬರೀ ಒಂದು ಬಿಳಿ ಬೆಳಕು ಎಂದು ನನಗೆ ಅವಾಗ ಗೊತ್ತಾಯಿತು. ಕೊನೆಗೆ ಕೈ ಚಾಚಿ ಮುಟ್ಟಿಯೇ ನೋಡಿದರು. ಬೆರಳಿಗೆ ಪುಟ್ಟ ಹುಲ್ಲಿನ ಗೂಡು ಸಿಕ್ಕಿತು.

ಇದೆಂತ, ಖಾಲಿ ಇದೆಯಲ್ಲ ಎಂದು ಕೇಳಿದರು. ಮಗು ಇಡುವ ಜಾಗ, ರಾತ್ರಿ ಪೂಜೆಯ ಹೊತ್ತಿಗೆ ಇಡುವುದು, ಇನ್ನೂ ಹುಟ್ಟಿಲ್ಲ ಎಂದು ನರ್ಸಮ್ಮ ಹೇಳಿದರು.

ಅತ್ತೆ ಹುಲ್ಲನ್ನು ಒತ್ತಿ ನೋಡಿದರು. ಸುತ್ತಲಿನ ಹತ್ತಿಯನ್ನು ಮುಟ್ಟಿ ನೋಡಿದರು. ಇದು ಐಸಾ ಎಂದು ಮಗಳನ್ನು ಕೇಳಿದರು. ಹೌದು ಅಜ್ಜಿ ಎಂದಳು.

"ಇಂಥ ಥಂಡಿಯಲ್ಲಿ ಬರೀ ಹುಲ್ಲಿನ ಮೇಲೆ ಹಸುಗೂಸು ಮಲಗಿಸ್ತೀಯಾ? ಒಂದು ಬೆಂಕಿ ಇಲ್ಲ, ಒಂದು ಕಂಬಳಿ ಇಲ್ಲ. ಊರಿನ ಬಾಣಂತಿಯರಿಗೆಲ್ಲ ಬುದ್ಧಿ ಹೇಳ್ತಿ, ನೀನು ಎಂಥ ನರ್ಸು ಮಾರಾಯ್ತಿ?"

ನರ್ಸಮ್ಮ ನಗಲಿಕ್ಕೆ ಹೋಗಿ ಅತ್ತುಬಿಟ್ಟರು. ಅತ್ತೆ ಅದನ್ನು ಗಮನಿಸಲಿಲ್ಲ. ಕೊಟ್ಟಿಗೆಯ ಮಾಡಿನಿಂದ ಒಂದು ಹಿಡಿ ಹಿಮ ಕಿತ್ತರು. ಮಕ್ಕಳು ಅಯ್ಯೋ ಎಂದವು. ಅತ್ತೆ ಜಗಲಿಯ ಕಟ್ಟೆಯ ಮೇಲೆ ಕೂತು ಹತ್ತಿಯನ್ನು ಬಿಡಿಸಿ, ತಟ್ಟಿ, ಅಂಗೈಯಷ್ಟು ಹಾಸಿಗೆ ಮಾಡಲು ಶುರುಮಾಡಿದರು. ಬಿಡಿಸುತ್ತ ಬಿಡಿಸುತ್ತ ಬೆರಳು ಒಂದು ಕಡೆ ನಿಂತಿತು. ಬೀಜದ ಸಾಲು ಒಂದು ಸಿಕ್ಕಿತು. ತೆಗೆದು ಮಡಿಲಲ್ಲಿ ಹಾಕಿಕೊಂಡರು. ಇನ್ನೊಂದು ಸಿಕ್ಕಿತು. ಆ ಒಂದು ಹಿಡಿ ಹತ್ತಿಯಲ್ಲಿ ಮೂರು ಸಾಲು ಬೀಜ. ದೇವಹತ್ತಿಯ ಬೀಜ ಒಂದೊಂದಾಗಿ ತಪ್ಪಿಸಿಕೊಳ್ಳುವಂಥದ್ದಲ್ಲ, ಕಣ್ಣಿದ್ದವರಿಗೆ ಮಾರು ದೂರಕ್ಕೇ ಕಾಣುತ್ತದೆ. ಇಡೀ ಚೀಲವನ್ನು ಅವರು ಬೀಜ ತೆಗೆದು ತುಂಬಿಟ್ಟಿದ್ದೇನೆ ಎಂದೇ ನಂಬಿದ್ದರು. ಎರಡು ತಿಂಗಳ ಕೆಲಸ ಅದು.

ನಾನು ನೋಡಿಯೂ ನೋಡದವಳ ಹಾಗೆ ಬೇರೆ ಕಡೆ ತಿರುಗಿದೆ. ಕಣದಲ್ಲಿ ಸಿಕ್ಕ ಬೀಜ ನನ್ನ ಸೆರಗಿನಲ್ಲೇ ಇತ್ತು, ತೆಗೆಯಲಿಲ್ಲ.

ಹಾಸಿಗೆಯನ್ನು ಹುಲ್ಲಿನ ಮೇಲೆ ಹಾಸಿ, ಹೊದೆಯಲಿಕ್ಕೆ ಇನ್ನೊಂದು ತುಣುಕು ಬೇರೆಯಾಗಿ ಇಟ್ಟರು. ಕೈ ಮುಗಿದರು. ಆಮೇಲೆ ನರ್ಸಮ್ಮನ ಕಡೆ ತಿರುಗಿ ಕೇಳಿದರು.

"ಕಣ್ಣಿನ ಕ್ಯಾಂಪು ಯಾವಾಗ ಅಂದೆ?"

ಬರುವ ತಿಂಗಳು, ಮೂಡಿಗೆರೆಯಲ್ಲಿ ಎಂದರು ನರ್ಸಮ್ಮ. ಹೆಸರು ಬರೆಸು ಎಂದು ಅತ್ತೆ ಎದ್ದು ನಿಂತರು.

ಮನೆಗೆ ಬರುವಾಗ ನನ್ನ ಕೈ ಮಾತ್ರ ಹಿಡಿದಿದ್ದರು. ಬೇಲಿಯ ತಡಮೆ ದಾಟುವಾಗ ನಾನೇ ಬಾಯಿಬಿಟ್ಟು, ಹರಕೆ ಎಂತ ಮಾಡುವುದು ಎಂದು ಕೇಳಿದೆ. ಶಿವರಾತ್ರಿಗೆ ಆಗುವುದಿಲ್ಲ, ಅದರ ಮುಂದಿನ ಶಿವರಾತ್ರಿಗೆ ಆಗುತ್ತದೆ ಎಂದರು. ಹಿತ್ತಲ ಗಿಡ ಇನ್ನೊಂದು ಸಲ ಕಾಯಿ ಬಿಡುತ್ತದೆ. ಬೀಜ ನಾನು ತೆಗೆಯಬೇಕು, ಬತ್ತಿ ಅವರು ಹೊಸೆಯುವುದು. ನಾನು ಮುಟ್ಟಬಹುದೇ ಎಂದೆ.

"ಮಡಿಯುಟ್ಟು ಮುಟ್ಟು. ಚೀಲ ಮಾತ್ರ ನೀನು ತೂಗುಹಾಕಬೇಡ."

ಅಷ್ಟು ಹೊತ್ತಿಗೆ ನನಗೆ ಸಿಗಬೇಕಾದ ಬೈಗುಳ ಸಿಕ್ಕಿದ ಹಾಗಾಯಿತು. ಎದೆ ಹಗುರವಾಯಿತು. ಈಶ್ವರ ತಡ ಒಪ್ಪಿಕೊಳ್ಳುತ್ತಾನೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಅವನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದು ಅವರೇ ಅಂದರು.

ಆಪರೇಷನ್ ಆಯಿತು. ಒಂದು ಕಣ್ಣು ಚೆನ್ನಾಗಿ ಬಂತು. ಇನ್ನೊಂದು ಅಷ್ಟಕ್ಕಷ್ಟೆ, ಪೊರೆ ಗಟ್ಟಿಯಾಗಿತ್ತಂತೆ, ಇನ್ನಾರು ತಿಂಗಳು ಬಿಟ್ಟಿದ್ದರೆ ಎರಡೂ ಹಾಗೇ ಆಗುತ್ತಿತ್ತು ಎಂದರಂತೆ ಡಾಕ್ಟರು. ಪಟ್ಟಿ ಬಿಚ್ಚಿ ಮನೆಗೆ ಬಂದವರು ಮೊದಲು ಅಡುಗೆಮನೆಯ ಮಾಡು ನೋಡಿದರು. ಇಷ್ಟು ಮಸಿ ಕಟ್ಟಿಕೊಂಡು ಎರಡು ವರ್ಷ ನನ್ನ ಕೈಲಿ ಊಟ ಮಾಡಿಸಿದೆಯಲ್ಲ ಎಂದು ಸಂಜೆಯವರೆಗೆ ಗೊಣಗಿದರು. ಆ ಗೊಣಗಾಟವನ್ನು ನಾನು ಉಪಕಾರಗಳ ಲೆಕ್ಕದಲ್ಲೇ ಸೇರಿಸಿದ್ದೇನೆ. ಮುಂದಿನ ವರ್ಷ ಶಿವರಾತ್ರಿಗೆ ಕಳಸದಲ್ಲಿ ಲಕ್ಷಬತ್ತಿ ಬೆಳಗಿತು. ನರ್ಸಮ್ಮನೂ ಬಂದು ಹೊರಗೆ ಕಂಬದ ಹತ್ತಿರ ನಿಂತಿದ್ದರು. ಅವರಿಗೆ ಆಮೇಲೆ ಗೋಣಿಬೀಡಿಗೆ ವರ್ಗವಾಯಿತು. ಅಲ್ಲಿಂದಲೂ ಪ್ರತಿ ಡಿಸೆಂಬರಿನಲ್ಲಿ ಬಸ್ಸಿನವರ ಕೈಯಲ್ಲಿ ಕೇಕಿನ ಡಬ್ಬ ಕಳಿಸುತ್ತಿದ್ದರು. ನಾವು ಒಂದು ಹಿಡಿ ದೇವಹತ್ತಿ ಕಳಿಸುತ್ತಿದ್ದೆವು, ಮಗುವಿನ ಹಾಸಿಗೆಗೆ. ಹಿಮಕ್ಕೆ ಬೂರುಗ.

ಆದರೆ ಅವತ್ತು ಇದೇನೂ ಗೊತ್ತಿರಲಿಲ್ಲ. ಅತ್ತೆಯನ್ನು ಜಗಲಿಯಲ್ಲಿ ಕೂರಿಸಿದೆ. ಮಡಿಲಲ್ಲಿ ತಂದ ಮೂರು ಸಾಲು ಬೀಜವನ್ನು ಅವರು ಹುಳ ಹಿಡಿಯದಿರಲಿ ಎಂದು ಬೂದಿ ತರಿಸಿ ಅದರಲ್ಲಿ ಹೊರಳಿಸಿ, ಖಾಲಿಯಾದ ಹತ್ತಿಯ ಬಟ್ಟಲಿಗೆ ಹಾಕಿದರು. ನಾನೂ ಸೆರಗು ಬಿಚ್ಚಿ ನನ್ನ ಹತ್ತಿರ ಇದ್ದದ್ದನ್ನು ಅದಕ್ಕೇ ಹಾಕಿದೆ. ಎಲ್ಲಿ ಸಿಕ್ಕಿತು ಎಂದು ಅವರು ಕೇಳಲಿಲ್ಲ.

ಬಿಸಿಲು ಇಳಿದಿತ್ತು. ಬೆಳಿಗ್ಗೆ ಬಿಟ್ಟು ಹೋದ ಕಾಫಿ ಅರ್ಧ ಮಗುಚಿ ಅರ್ಧ ಹಾಗೇ ಬಿದ್ದಿತ್ತು, ಗೋರುಮಣೆ ಬಿದ್ದಲ್ಲೇ ಇತ್ತು. ಕೋಳಿ ಒಂದೆರಡು ಕಡೆ ಕೆದಕಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಇಬ್ಬನಿಗೆ ಇನ್ನೂ ಹೊತ್ತಿತ್ತು. ಸೆರಗು ಸಿಕ್ಕಿಸಿ ಕಾಫಿಯನ್ನು ನಡುವಿಗೆ ಎಳೆದು ಗುಡ್ಡೆ ಮಾಡತೊಡಗಿದೆ.